ಅಳುವ ಹಾಡಿಗೆ ವಯಲಿನ್ ಬೇಕೆ?

ಪ್ರಶ್ನೆ: ನಾನು ಹುಬ್ಬಳ್ಳಿಯವನು. ಹಗಲು ಕಚೇರಿ ಕೆಲಸ, ರಾತ್ರಿ ಗಿಟಾರ್. ಕರ್ನಾಟಕ ಸಂಗೀತದ ಪಾಠವೂ ಆಗಿದೆ. ತಂದೆ ತೀರಿಕೊಂಡ ಮೇಲೆ ಒಂದು ಕನ್ನಡ ಹಾಡು ಬರೆದೆ. ಬ್ಲೂಸ್ ರಾಕ್ ಶೈಲಿಯದು, ಮೈನರ್ ಶ್ರುತಿಯಲ್ಲಿದೆ, ಏಳು ನಿಮಿಷ ಇದೆ. ನಾಲ್ವರ ನಮ್ಮ ತಂಡ ಇದನ್ನು ಸಿಂಗಲ್ ಆಗಿ, ಅಂದರೆ ಒಂಟಿ ಹಾಡಾಗಿ, ಹೊರತರಬೇಕೆಂದಿದೆ. ಸ್ಟುಡಿಯೋದವರು ವಯಲಿನ್ ಸೇರಿಸಿ ಎನ್ನುತ್ತಾರೆ, ಗೆಳೆಯರು ಮೂರು ನಿಮಿಷಕ್ಕೆ ಇಳಿಸಿ ಎನ್ನುತ್ತಾರೆ. ಎರಡೂ ಹಾಡಿಗೆ ಮಾಡುವ ಮೋಸ ಎಂದು ನನಗೆ ಅನ್ನಿಸುತ್ತದೆ. ಅಮೆರಿಕದ ಬ್ಲೂಸ್ ಗಾಯಕ, ಗಿಟಾರಿಗ ಬಿ.ಬಿ. ಕಿಂಗ್ ಅವರ ‘ದಿ ಥ್ರಿಲ್ ಈಸ್ ಗಾನ್’ ನನಗೆ ಮಾದರಿ. ಅಂಥ ಹಾಡು ತಯಾರಾದದ್ದು ಹೇಗೆ? ನಮ್ಮದನ್ನು ಹೇಗೆ ಮುದ್ರಿಸಿ ಹೊರತರಬೇಕು? ಸಾಹಿತ್ಯ ಮತ್ತು ಮೊಬೈಲ್‌ನಲ್ಲಿ ಮುದ್ರಿಸಿದ ಪ್ರತಿಯನ್ನು ಕಳಿಸಿದ್ದೇನೆ.

ಉತ್ತರ: ನೀವು ಮಾದರಿಯೆಂದು ಹೆಸರಿಸಿದ ಹಾಡಿನಲ್ಲಿ ವಯಲಿನ್‌ಗಳಿವೆ. ಅದನ್ನು ಕತ್ತರಿಸಿಯೇ ಸಿಂಗಲ್ ಮಾಡಿದ್ದರು. ಸಾಲದ್ದಕ್ಕೆ ಅದು ಬಿ.ಬಿ. ಕಿಂಗ್ ಬರೆದ ಹಾಡೂ ಅಲ್ಲ. ನಿಮ್ಮ ಲೆಕ್ಕದಲ್ಲಿ ಅದು ಮೂರು ಪಟ್ಟು ಮೋಸದ ಹಾಡಾಗಬೇಕು. ಆದರೂ ಅದನ್ನು ಕೇಳಿದಾಗ ನಿಮ್ಮ ಗಂಟಲು ಕಟ್ಟುತ್ತದೆ. ಹಾಗಾದರೆ ಆ ಹಾಡಿನ ನಿಜ ಎಲ್ಲಿದೆ ಎಂದು ನೋಡೋಣ. ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲಿಂದಲೇ ಸಿಗುತ್ತದೆ.

ಆ ಹಾಡನ್ನು ಮೊದಲು ಹಾಡಿದವರು ಕ್ಯಾಲಿಫೋರ್ನಿಯಾದ ಪಿಯಾನೊ ವಾದಕ ಮತ್ತು ಗಾಯಕ ರಾಯ್ ಹಾಕಿನ್ಸ್, 1951ರಲ್ಲಿ, ಮಾಡರ್ನ್ ರೆಕಾರ್ಡ್ಸ್ ಎಂಬ ಕಂಪನಿಗೆ. ರಿಕ್ ಡಾರ್ನೆಲ್ ಜೊತೆಗೂಡಿ ಬರೆದದ್ದು. ಆಗಲೇ ಕಪ್ಪು ಕೇಳುಗರ ನಡುವೆ ಅದು ಯಶಸ್ವಿಯಾಯಿತು, ಆಮೇಲೆ ಜನ ಮರೆತರು. ಬಿ.ಬಿ. ಕಿಂಗ್ ಮಾತ್ರ ಮರೆಯಲಿಲ್ಲ. ಮೆಂಫಿಸ್ ನಗರದ ಡಬ್ಲ್ಯುಡಿಐಎ ರೇಡಿಯೊದಲ್ಲಿ ಹಾಡು ಹಾಕುವ ಕೆಲಸ ಮಾಡಿದ್ದ ಅವರಿಗೆ ಇತರರ ಹಾಡುಗಳ ದೊಡ್ಡ ದಾಸ್ತಾನೇ ತಲೆಯಲ್ಲಿತ್ತು. ಈ ಹಾಡನ್ನು ವರ್ಷಗಟ್ಟಲೆ ಜೊತೆಯಲ್ಲಿ ಇಟ್ಟುಕೊಂಡಿದ್ದರು, ಆದರೆ ತೃಪ್ತಿಯಾಗುವಂತೆ ಅದು ಕೂಡಿಬಂದಿರಲಿಲ್ಲ. 1966ರಲ್ಲಿ ಅವರ ಎರಡನೇ ಮದುವೆ ಮುರಿದಿತ್ತು. ಹಾಡಿನ ನೋವಿಗೆ ಇದೇ ಕಾರಣ ಎಂದು ಅಭಿಮಾನಿಗಳು ಹೇಳುವುದುಂಟು. ಇರಬಹುದು. ಆದರೆ ಮದುವೆ ಮುರಿದುಕೊಂಡವರೆಲ್ಲ ಅಂಥ ಹಾಡು ಮಾಡಿಲ್ಲ. 1951ರ ಮುದ್ರಣವನ್ನೂ 1969ರ ಮುದ್ರಣವನ್ನೂ ಒಂದರ ಹಿಂದೆ ಒಂದು ಕೇಳಿ: ರಾಗ ಅದೇ, ಮಾತು ಬಹುಪಾಲು ಅದೇ. ಉಳಿದದ್ದೆಲ್ಲ ಮುದ್ರಣದ ಕೋಣೆಯಲ್ಲಿ ಕೈಗೊಂಡ ತೀರ್ಮಾನಗಳ ಫಲ.

ಆ ತೀರ್ಮಾನಗಳಲ್ಲಿ ಹಲವು ಬಿಲ್ ಸಿಮ್‌ಜಿಕ್ ಎಂಬ ಯುವ ನಿರ್ಮಾಪಕನವು. ಆಗಿನ್ನೂ ಇಪ್ಪತ್ತರ ಹರೆಯದಲ್ಲಿದ್ದ ಆತ ಮುಂದೆ ಈಗಲ್ಸ್ ತಂಡದ ‘ಹೋಟೆಲ್ ಕ್ಯಾಲಿಫೋರ್ನಿಯಾ’ವನ್ನು ನಿರ್ಮಿಸಿದವರು. ಕಿಂಗ್ ತಮ್ಮ ಸ್ವಂತ ತಂಡದೊಡನೆ ವರ್ಷಪೂರ್ತಿ ಊರೂರು ತಿರುಗಿ ನುಡಿಸುತ್ತಿದ್ದರು. 1956ರ ಒಂದೇ ವರ್ಷದಲ್ಲಿ 342 ಕಾರ್ಯಕ್ರಮ ಕೊಟ್ಟವರು. ಸಿಮ್‌ಜಿಕ್ ಆ ತಂಡವನ್ನು ಬಿಟ್ಟು ನ್ಯೂಯಾರ್ಕಿನ ಸ್ಟುಡಿಯೋ ವಾದಕರನ್ನು ಕೂಡಿಸಿದರು. ಡ್ರಮ್ಸ್‌ಗೆ ಹರ್ಬಿ ಲವೆಲ್, ಬೇಸ್‌ಗೆ ಜೆರಿ ಜೆಮಟ್, ಎಲೆಕ್ಟ್ರಿಕ್ ಪಿಯಾನೊಗೆ ಪಾಲ್ ಹ್ಯಾರಿಸ್, ಜೊತೆ ಗಿಟಾರಿಗೆ ಹ್ಯೂ ಮೆಕ್ರಾಕೆನ್. 1969ರ ಜೂನ್‌ನಲ್ಲಿ ಹಿಟ್ ಫ್ಯಾಕ್ಟರಿ ಸ್ಟುಡಿಯೋದಲ್ಲಿ ಅವರೆಲ್ಲ ಒಟ್ಟಿಗೆ ಕುಳಿತು ನುಡಿಸಿದರು. ಹೊಸ ಕೈಗಳು ಬಂದದ್ದರಿಂದ ಹಳೆಯ ಚಾಳಿಗಳು ಬಿಟ್ಟವು. ಜೆಮಟ್‌ರ ಬೇಸ್ ಗಮನಿಸಿ: ಅದು ಅಳುವುದಿಲ್ಲ, ಒಂದೇ ಸಮನೆ ನಡೆಯುತ್ತದೆ. ಹಾಡಿನ ದುಃಖಕ್ಕೆ ನೆಲವಾಗಿರುವುದು ಆ ನಿರ್ಲಿಪ್ತ ನಡಿಗೆಯೇ.

ಈಗ ಸ್ವರಗಳ ವಿಷಯ. ಬ್ಲೂಸ್ ಎಂದರೆ ಅಳು ಎಂಬ ತಿಳಿವಳಿಕೆ ಅರ್ಧ ಮಾತ್ರ ನಿಜ. ಹೆಚ್ಚಿನ ಬ್ಲೂಸ್ ಹಾಡುಗಳು ಮೇಜರ್ ಕಾರ್ಡ್‌ಗಳ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪುಗಳ) ಮೇಲೆ ನಿಂತಿರುತ್ತವೆ, ಗಾಯಕ ಮಾತ್ರ ಕೆಳಗಿನ ಗಾಂಧಾರವನ್ನು ಎಳೆಯುತ್ತಾನೆ. ಆ ತಿಕ್ಕಾಟದಿಂದ ನಗುವೂ ನೋವೂ ಬೆರೆತ ಬಣ್ಣ ಬರುತ್ತದೆ. ‘ದಿ ಥ್ರಿಲ್ ಈಸ್ ಗಾನ್’ ಆ ಆಟವನ್ನು ಬಿಟ್ಟು ನೇರವಾಗಿ ಬಿ ಮೈನರ್‌ನಲ್ಲಿ ಕೂರುತ್ತದೆ. ಹನ್ನೆರಡು ಬಾರ್‌ಗಳ ಸುತ್ತು (ಬಾರ್ ಎಂದರೆ ಇಲ್ಲಿ ನಾಲ್ಕು ಪೆಟ್ಟಿನ ಅಳತೆ): ನಾಲ್ಕು ಬಾರ್ ಬಿ ಮೈನರ್, ಎರಡು ಬಾರ್ ಇ ಮೈನರ್, ಮತ್ತೆ ಎರಡು ಬಾರ್ ಬಿ ಮೈನರ್. ಒಂಬತ್ತನೆಯ ಬಾರ್‌ನಲ್ಲಿ ಜಿ ಮೇಜರ್ ಸೆವೆನ್, ಹತ್ತರಲ್ಲಿ ಎಫ್ ಶಾರ್ಪ್ ಸೆವೆನ್, ಕೊನೆಯ ಎರಡರಲ್ಲಿ ಮರಳಿ ಮನೆಗೆ, ಅಂದರೆ ಬಿ ಮೈನರ್‌ಗೆ.

ಆ ಒಂಬತ್ತನೆಯ ಬಾರ್‌ನಲ್ಲಿ ಹಾಡಿನ ಜೀವ ಇದೆ ಎಂಬುದು ನನ್ನ ಅಭಿಪ್ರಾಯ. ಜಿ ಮೇಜರ್ ಸೆವೆನ್‌ನಲ್ಲಿ ಇರುವ ಸ್ವರಗಳು ಜಿ, ಬಿ, ಡಿ, ಎಫ್ ಶಾರ್ಪ್. ಕೊನೆಯ ಮೂರೂ ಸೇರಿದರೆ ಬಿ ಮೈನರ್. ಅಂದರೆ ಮೇಲಿನ ಕಾರ್ಡ್ ಅಲುಗಾಡಿಲ್ಲ, ಕೆಳಗೆ ಬೇಸ್ ಮಾತ್ರ ಜಾಗ ಬದಲಿಸಿದೆ. ಕೇಳುಗನಿಗೆ ಏನೋ ಕುಸಿದಂತೆ ಅನ್ನಿಸುತ್ತದೆ, ಏನೆಂದು ಹೇಳಲು ಬರುವುದಿಲ್ಲ. ನೀವು ಗಿಟಾರಿನಲ್ಲಿ ಇದನ್ನು ನುಡಿಸುವಾಗ ಆರೂ ತಂತಿಗಳನ್ನು ಮೀಟಿ ಹೊಸ ಕಾರ್ಡ್ ಬಂತೆಂದು ಡಂಗುರ ಸಾರಬೇಡಿ. ಮೇಲಿನ ಮೂರು ಸ್ವರಗಳನ್ನು ಹಾಗೇ ಹಿಡಿದುಕೊಳ್ಳಿ, ಇಳಿಯುವ ಕೆಲಸವನ್ನು ಬೇಸ್ ನುಡಿಸುವ ಗೆಳೆಯರಿಗೆ ಬಿಡಿ. ನೀವು ಕಳಿಸಿದ ಮುದ್ರಣದಲ್ಲಿ ಇದೇ ಜಾಗದಲ್ಲಿ ಡ್ರಮ್ಸ್ ಒಂದು ದೊಡ್ಡ ಉರುಳಿಕೆ ಹಾಕುತ್ತದೆ. ಅದನ್ನು ತೆಗೆಯಿರಿ.

ಕರ್ನಾಟಕ ಸಂಗೀತದ ಪಾಠ ಆಗಿದೆ ಎಂದು ಪತ್ರದಲ್ಲಿ ಹೇಳಿದ್ದೀರಿ. ಗಿಟಾರಿಗರು ಮೈನರ್ ಪೆಂಟಟಾನಿಕ್ ಎನ್ನುವ ಐದು ಸ್ವರಗಳ ಸಾಲು ನಮ್ಮ ಶುದ್ಧ ಧನ್ಯಾಸಿಯದೇ ಸ್ವರಸ್ಥಾನ. ಹಾಗೆಂದು ಧನ್ಯಾಸಿಯ ಸಂಚಾರಗಳನ್ನು ತಂದು ಸುರಿದರೆ ಬ್ಲೂಸ್ ಆಗುವುದಿಲ್ಲ. ಬೆರಳು ಓಡುತ್ತದೆ, ಹಾಡು ನಿಲ್ಲುತ್ತದೆ. ಕಿಂಗ್ ಅವರ ಕೈಯ ವಿಶೇಷ ಬೇರೆ ಕಡೆಯಿಂದ ಬಂತು. ಅವರ ಬಂಧು ಬುಕ್ಕ ವೈಟ್ ಗಿಟಾರಿನ ಮೇಲೆ ಲೋಹದ ನಳಿಗೆ ಜಾರಿಸಿ ನುಡಿಸುತ್ತಿದ್ದರು. ಆ ನಾದ ಬೇಕು, ನಳಿಗೆ ಹಿಡಿಯುವ ಕೌಶಲ ತಮಗೆ ಒಲಿಯಲಿಲ್ಲ ಎಂದು ಕಿಂಗ್ ಬೆರಳನ್ನೇ ತಂತಿಯ ಮೇಲೆ ನಡುಗಿಸಿದರು. ಆ ಕಂಪನ ಇಡೀ ಮುಂಗೈಯದು, ಸ್ವರ ಹುಟ್ಟಿ ಸ್ವಲ್ಪ ಹೊತ್ತಿನ ಮೇಲೆ ಶುರುವಾಗುವಂಥದ್ದು. ಗಮಕ ಬಲ್ಲ ಕಿವಿಗೆ ಇದು ಬೇಗ ಹಿಡಿಯುತ್ತದೆ. ಒಂದು ಸ್ವರ ನುಡಿಸಿ, ಕಾಯಿರಿ, ಆಮೇಲೆ ನಡುಗಿಸಿ. ನಿಮ್ಮ ಸೋಲೊದಲ್ಲಿ ಕಾಯುವ ಜಾಗವೇ ಇಲ್ಲ.

ಇನ್ನೊಂದು ಸಂಗತಿ ಕಿಂಗ್ ಅವರೇ ಮತ್ತೆ ಮತ್ತೆ ಹೇಳುತ್ತಿದ್ದುದು: ಅವರು ಹಾಡುವಾಗ ಗಿಟಾರ್ ನುಡಿಸುತ್ತಿರಲಿಲ್ಲ, ಗಿಟಾರ್ ನುಡಿಸುವಾಗ ಹಾಡುತ್ತಿರಲಿಲ್ಲ. ಸಾಲು ಹಾಡಿ ನಿಲ್ಲುತ್ತಾರೆ, ಗಿಟಾರ್ ಉತ್ತರ ಕೊಡುತ್ತದೆ. ನಮ್ಮ ಜನಪದ ಹಾಡುಗಾರಿಕೆಯಲ್ಲಿ ಮುಮ್ಮೇಳದವರು ಹೇಳಿದ್ದಕ್ಕೆ ಹಿಮ್ಮೇಳದವರು ಸೊಲ್ಲು ಕೊಡುವುದನ್ನು ಕೇಳಿ ಬೆಳೆದವರಿಗೆ ಇದು ಹೊಸದಲ್ಲ. ನೀವು ಹಾಡುತ್ತಲೇ ಕಾರ್ಡ್ ಬಾರಿಸುತ್ತೀರಿ, ಎರಡನೆಯ ಗಿಟಾರಿಗರು ಅದರ ಮೇಲೆ ಅಲಂಕಾರ ಮಾಡುತ್ತಾರೆ. ಎಲ್ಲರೂ ಒಟ್ಟಿಗೆ ದುಃಖಪಡುವ ಮನೆಯಲ್ಲಿ ಯಾರ ಮಾತೂ ಕೇಳಿಸುವುದಿಲ್ಲ. ನೀವು ಹೇಳಿದ ಮೋಸ ಇಲ್ಲಿದೆ ಎನ್ನುತ್ತೇನೆ: ದುಃಖವನ್ನು ಕೇಳುಗ ತಾನೇ ಕಂಡುಕೊಳ್ಳಲು ಬಿಡದೆ ಪ್ರತಿ ಬಾರ್‌ನಲ್ಲಿ ತೋರಿಸಿಕೊಡುವುದು.

ಸಾಹಿತ್ಯದಲ್ಲೂ ಅದೇ ಆಗಿದೆ. ‘ನೋವು’, ‘ಕಣ್ಣೀರು’, ‘ಶೂನ್ಯ’ ಇವು ಪಲ್ಲವಿಯಲ್ಲೂ ಇವೆ, ಚರಣಗಳಲ್ಲೂ ಇವೆ. ಅವು ಯಾರ ಅಪ್ಪನಿಗೂ ಹೊಂದುತ್ತವೆ, ಆದ್ದರಿಂದ ಯಾರ ಅಪ್ಪನಿಗೂ ಸೇರುವುದಿಲ್ಲ. ಮೂರನೆಯ ಚರಣದಲ್ಲಿ ಮಾತ್ರ, ನೀವು ಗಮನಿಸದೆ ಬರೆದಿರಬಹುದಾದ ಒಂದು ಸಾಲಿದೆ: ಅಪ್ಪನ ಕನ್ನಡಕ ಇನ್ನೂ ರೇಡಿಯೊದ ಮೇಲಿದೆ. ಹಾಡು ಅಲ್ಲಿಂದ ಶುರುವಾಗಬೇಕಿತ್ತು. ಬ್ಲೂಸ್‌ನ ಹಳೆಯ ಕಟ್ಟು ನಿಮಗೆ ಗೊತ್ತೇ ಇದೆ: ಒಂದು ಸಾಲು, ಅದೇ ಸಾಲು ಇನ್ನೊಮ್ಮೆ, ಆಮೇಲೆ ಅದಕ್ಕೆ ಉತ್ತರವಾಗಿ ಮೂರನೆಯದು. ನಿಮ್ಮ ಸಾಲನ್ನೇ ಅದರಲ್ಲಿ ಇಟ್ಟು ನೋಡಿದೆ:

ಕನ್ನಡಕ ಇನ್ನೂ ರೇಡಿಯೊ ಮೇಲಿದೆ, ಯಾರೂ ತೆಗೆದಿಲ್ಲ
ಕನ್ನಡಕ ಇನ್ನೂ ರೇಡಿಯೊ ಮೇಲಿದೆ, ಯಾರೂ ತೆಗೆದಿಲ್ಲ
ವಾರ್ತೆ ಮುಗಿದು ಹೋಯಿತು ಅಪ್ಪಾ, ನೀನು ಬೈಯಲೇ ಇಲ್ಲ

ನಿಮ್ಮ ತಂದೆ ವಾರ್ತೆ ಕೇಳಿ ಬೈಯುತ್ತಿದ್ದರೋ ಇಲ್ಲವೋ ನನಗೆ ತಿಳಿಯದು. ಅವರು ಏನು ಮಾಡುತ್ತಿದ್ದರೋ ಅದನ್ನು ಬರೆಯಿರಿ. ಎರಡನೆಯ ಸಲ ಹಾಡುವಾಗ ಕೆಳಗಿನ ಕಾರ್ಡ್ ಬದಲಾಗಿರುತ್ತದೆ, ಹೀಗಾಗಿ ಅದೇ ಮಾತು ಬೇರೆ ಬಣ್ಣದಲ್ಲಿ ಕೇಳಿಸುತ್ತದೆ. ಮೂರನೆಯ ಸಾಲು ಬರುವುದು ಸರಿಯಾಗಿ ಆ ಒಂಬತ್ತನೆಯ ಬಾರ್‌ನಲ್ಲಿ. ಈ ಕಟ್ಟು ಶತಮಾನ ಕಳೆದರೂ ಸವೆಯದಿರುವುದಕ್ಕೆ ಕಾರಣ ಇದು.

ಕನ್ನಡದಲ್ಲಿ ಬ್ಲೂಸ್ ಹಾಡುವಾಗ ಎಡವುವ ಜಾಗ ಒಂದಿದೆ. ಇಂಗ್ಲಿಷ್ ಗಾಯಕರು ಒತ್ತು ಬೀಳುವ ಅಕ್ಷರವನ್ನು ತಾಳದ ಬಲವಾದ ಪೆಟ್ಟಿಗೆ ಕೂಡಿಸುತ್ತಾರೆ. ನಮ್ಮಲ್ಲಿ ಆ ಕೆಲಸ ಮಾಡುವುದು ಗುರು ಅಕ್ಷರ. ಹೊಸಬರು ಇಂಗ್ಲಿಷ್ ಹಾಡಿನ ಧಾಟಿ ಮನಸ್ಸಿನಲ್ಲಿಟ್ಟುಕೊಂಡು ಲಘುವನ್ನು ಎಳೆಯುತ್ತಾರೆ, ಗುರುವನ್ನು ನುಂಗುತ್ತಾರೆ. ಆಗ ಹಾಡು ಡಬ್ ಮಾಡಿದಂತೆ ಕೇಳಿಸುತ್ತದೆ. ನಿಮ್ಮ ಮುದ್ರಣದಲ್ಲಿ ‘ಮನೆಯ’ ಎಂಬುದರ ‘ನೆ’ ಎರಡು ಮಾತ್ರೆ ಉದ್ದವಾಗಿದೆ. ಸಾಲನ್ನು ವಾದ್ಯವಿಲ್ಲದೆ ಜೋರಾಗಿ ಓದಿ, ಎಲ್ಲಿ ನಾಲಿಗೆ ತಾನಾಗಿ ನಿಲ್ಲುತ್ತದೋ ಅಲ್ಲಿ ಪೆಟ್ಟು ಬರಲಿ. ಕನ್ನಡದ ಪದಗಳು ಬಹುಮಟ್ಟಿಗೆ ಸ್ವರದಲ್ಲಿ ಮುಗಿಯುವುದರಿಂದ ಸಾಲಿನ ಕೊನೆಯನ್ನು ಎಳೆಯಲು ಇಂಗ್ಲಿಷಿಗಿಂತ ನಮಗೆ ಅನುಕೂಲ ಹೆಚ್ಚು. ಆದರೆ ಪ್ರತಿ ಸಾಲನ್ನೂ ಎಳೆಯಬೇಡಿ.

ವಯಲಿನ್ ವಿಷಯಕ್ಕೆ ಬರುತ್ತೇನೆ. ಕಿಂಗ್ ಮತ್ತು ತಂಡ ಮುದ್ರಿಸಿ ಮುಗಿಸಿದಾಗ ಹಾಡಿನಲ್ಲಿ ತಂತಿವಾದ್ಯಗಳಿರಲಿಲ್ಲ. ಸಿಮ್‌ಜಿಕ್ ಮುದ್ರಣವನ್ನು ಕೇಳುತ್ತಾ ಕುಳಿತವರು ಅಪರಾತ್ರಿಯಲ್ಲಿ ಕಿಂಗ್‌ಗೆ ಫೋನ್ ಮಾಡಿ, ಇದಕ್ಕೆ ತಂತಿವಾದ್ಯ ಸೇರಿಸೋಣ ಎಂದರು. ಕಿಂಗ್ ಒಪ್ಪಿದರು. ಬರ್ಟ್ ಡಿ ಕೋಟೊ ಎಂಬ ಸಂಯೋಜಕರು ಸ್ವರಪಟ್ಟಿ ಬರೆದರು, ವಯಲಿನ್ ತಂಡ ಆಮೇಲೆ ಬಂದು ನುಡಿಸಿತು. ಆ ಕಾಲದ ಬ್ಲೂಸ್ ಶುದ್ಧವಾದಿಗಳಿಗೆ ಇದು ಸಕ್ಕರೆ ಲೇಪನದಂತೆ ಕಂಡಿದ್ದರೆ ಆಶ್ಚರ್ಯವಿಲ್ಲ. ಆದರೆ ಆ ವಯಲಿನ್‌ಗಳು ಎಲ್ಲಿವೆ ಎಂದು ಕಿವಿಗೊಟ್ಟು ನೋಡಿ. ಆರಂಭದ ಗಿಟಾರ್ ಪೀಠಿಕೆಯಲ್ಲಿ ಅವು ಇಲ್ಲ. ಹಾಡು ನಿಂತ ಮೇಲೆ ಹಿಂದಿನಿಂದ ತೆಳ್ಳಗೆ ಬರುತ್ತವೆ. ಕಿಂಗ್ ಅವರ ರಾಗವನ್ನು ಅವು ಹಾಡುವುದಿಲ್ಲ, ಗಿಟಾರಿನೊಡನೆ ಪೈಪೋಟಿಗೆ ಬೀಳುವುದಿಲ್ಲ, ಉದ್ದ ಸ್ವರಗಳನ್ನು ಹಿಡಿದು ನಿಲ್ಲುತ್ತವೆ. ಕೊನೆಯಲ್ಲಿ ಮಾತು ಮುಗಿದು ಗಿಟಾರ್ ಮಾತ್ರ ಉಳಿದಾಗ ಅವುಗಳಿಗೆ ಜಾಗ ದೊರೆಯುತ್ತದೆ, ಹಾಡು ಮಸುಕಾಗುವ ತನಕ. ತಂತಿವಾದ್ಯಗಳನ್ನು ಸಂಭಾಳಿಸುವುದು ಹೇಗೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ರಾಕ್ ಸಂಗೀತದಲ್ಲಿ ಕಡಿಮೆ.

ನಿಮ್ಮ ಸ್ಟುಡಿಯೋದವರು ಹೇಳುತ್ತಿರುವುದು ಬಹುಶಃ ಬೇರೆ ವಯಲಿನ್: ಕೀಬೋರ್ಡಿನ ಒಂದು ಗುಂಡಿ ಒತ್ತಿದರೆ ಬರುವ, ಧಾರಾವಾಹಿಯಲ್ಲಿ ಸೊಸೆ ಅಳುವಾಗ ಕೇಳಿಸುವಂಥದ್ದು. ಅದಕ್ಕೆ ನೀವು ಬೇಡ ಎಂದದ್ದು ಸರಿ. ನಿಜವಾದ ವಾದಕರೊಬ್ಬರು ಸಿಕ್ಕರೆ ಅವರನ್ನು ಕರೆಸಿ, ಎರಡು ಮೂರು ಪದರಗಳಲ್ಲಿ ಬೇರೆ ಬೇರೆ ಸ್ವರ ಹಿಡಿಸಿ. ಆ ಸಾಲುಗಳನ್ನು ಮೊದಲೇ ಬರೆದಿಟ್ಟುಕೊಳ್ಳಿ; ‘ನಿಮಗೆ ತೋಚಿದ್ದು ನುಡಿಸಿ’ ಎಂದರೆ ನಮ್ಮ ಒಳ್ಳೆಯ ವಾದಕರೂ ಅಭ್ಯಾಸಬಲದಿಂದ ರಾಗಾಲಾಪನೆಗೆ ಹೋಗುತ್ತಾರೆ. ಹಾಡಿನ ಅರ್ಧ ಭಾಗ ಕಳೆಯುವ ತನಕ ಅವರು ಸುಮ್ಮನಿರಲಿ.

ಇನ್ನು ಉದ್ದ. ಆಲ್ಬಂನಲ್ಲಿ ‘ದಿ ಥ್ರಿಲ್ ಈಸ್ ಗಾನ್’ ಐದು ನಿಮಿಷ ದಾಟುತ್ತದೆ, ಸಿಂಗಲ್ ನಾಲ್ಕು ನಿಮಿಷದೊಳಗೆ ಮುಗಿಯುತ್ತದೆ. ಕತ್ತರಿ ಹಾಕಿದ್ದಕ್ಕೆ ಯಾಂತ್ರಿಕ ಕಾರಣವೂ ಇತ್ತು. ನಿಮಿಷಕ್ಕೆ 45 ಸುತ್ತು ತಿರುಗುವ ಏಳು ಅಂಗುಲದ ತಟ್ಟೆಯಲ್ಲಿ ಹಾಡು ಉದ್ದವಾದಷ್ಟೂ ಗೀರುಗಳನ್ನು ಒತ್ತೊತ್ತಾಗಿ ಕೊರೆಯಬೇಕು, ಆಗ ಧ್ವನಿಯ ಮಟ್ಟ ಇಳಿಯುತ್ತದೆ. ಮೇಲಾಗಿ ರೇಡಿಯೊದವರಿಗೆ ಉದ್ದ ಹಾಡು ಎಂದರೆ ಕಿರಿಕಿರಿ. ಇಂದು ಗೀರಿನ ತೊಂದರೆ ಇಲ್ಲ, ಆದ್ದರಿಂದ ಗೆಳೆಯರು ಹೇಳುವ ಮೂರು ನಿಮಿಷಕ್ಕೆ ವಿಶೇಷ ಆಧಾರವೂ ಇಲ್ಲ. ಹಾಗೆಂದು ಏಳು ನಿಮಿಷಕ್ಕೆ ಆಧಾರ ಇದೆಯೇ? ನಿಮ್ಮ ಹಾಡು ನಿಮಿಷಕ್ಕೆ ಸುಮಾರು 90 ಪೆಟ್ಟಿನ ನಡೆಯಲ್ಲಿದೆ. ನಾಲ್ಕು ಪೆಟ್ಟಿನ ಹನ್ನೆರಡು ಬಾರ್ ಎಂದರೆ 48 ಪೆಟ್ಟು, ಒಂದು ಸುತ್ತಿಗೆ 32 ಸೆಕೆಂಡ್. ಏಳು ನಿಮಿಷದಲ್ಲಿ ಹದಿಮೂರು ಸುತ್ತು. ಅದರಲ್ಲಿ ಆರು ಸುತ್ತು ಗಿಟಾರ್ ಸೋಲೊ. ಅವುಗಳ ಪೈಕಿ ನಾಲ್ಕರಲ್ಲಿ ಹೊಸದೇನೂ ನಡೆಯುವುದಿಲ್ಲ. ಕೈ ಬಿಸಿಯಾಗುವುದಕ್ಕೆ ತೆಗೆದುಕೊಂಡ ಸುತ್ತುಗಳವು. ಎಂಟು ಸುತ್ತಿಗೆ ಇಳಿಸಿ: ಪೀಠಿಕೆ ಒಂದು, ಹಾಡು ನಾಲ್ಕು, ನಡುವಿನ ಸೋಲೊ ಒಂದು, ಕೊನೆಯ ಗಿಟಾರ್ ಎರಡು. ನಾಲ್ಕೂಕಾಲು ನಿಮಿಷ ಆಗುತ್ತದೆ. ವೇದಿಕೆಯಲ್ಲಿ ಬೇಕಾದರೆ ಹದಿನೈದು ನಿಮಿಷ ನುಡಿಸಿ.

ನಿಮ್ಮ ಕೊನೆಯ ಸೋಲೊ ಬಗ್ಗೆ ಒಂದು ಎಚ್ಚರಿಕೆ. ಅಲ್ಲಿ ನೀವು ಹನ್ನೆರಡು ಬಾರ್ ಬಿಟ್ಟು ಬೇರೆ ದಾರಿ ಹಿಡಿದಿದ್ದೀರಿ: ಡಿ ಮೈನರ್, ಜಿ, ಸಿ, ಎಫ್, ಆಮೇಲೆ ಬಿ, ಇ, ಎ ಮೈನರ್ ಹೀಗೆ ಬೇಸ್ ನಾಲ್ಕು ನಾಲ್ಕು ಸ್ವರ ಏರುತ್ತಾ ಮನೆ ಸೇರುವ ದಾರಿ. ಬೆಲ್‌ಫಾಸ್ಟ್‌ನಲ್ಲಿ ಹುಟ್ಟಿದ ಗ್ಯಾರಿ ಮೂರ್ 1990ರಲ್ಲಿ ಹೊರತಂದ ‘ಸ್ಟಿಲ್ ಗಾಟ್ ದ ಬ್ಲೂಸ್’ ಇದೇ ದಾರಿಯ ಹಾಡು. ಭಾರೀ ರಾಕ್ ನುಡಿಸುತ್ತಿದ್ದವರು ಬ್ಲೂಸ್‌ಗೆ ಮರಳಿ ಮಾಡಿದ ಆ ಹಾಡು ಅವರ ಗುರುತಾಗಿ ಉಳಿಯಿತು. ಆದರೆ 2008ರಲ್ಲಿ ಮ್ಯೂನಿಕ್‌ನ ನ್ಯಾಯಾಲಯ, ಅದರ ಗಿಟಾರ್ ರಾಗ ಜಡ್ಸ್ ಗ್ಯಾಲರಿ ಎಂಬ ಜರ್ಮನ್ ತಂಡದ 1974ರ ‘ನೋರ್ಡ್ರಾಖ್’ ಹಾಡಿನದು ಎಂದು ತೀರ್ಪು ಕೊಟ್ಟಿತು. ಮೂರ್ ತಾನು ಆ ಹಾಡನ್ನು ಕೇಳಿಯೇ ಇಲ್ಲ ಎಂದರು. ರೇಡಿಯೊದಲ್ಲೋ ಕಾರ್ಯಕ್ರಮದಲ್ಲೋ ಕೇಳಿರಬಹುದು ಎಂದಿತು ನ್ಯಾಯಾಲಯ. ಯಾರ ಪಕ್ಷವನ್ನೂ ವಹಿಸದೆ ಒಬ್ಬ ವಾದಕನಾಗಿ ಹೇಳುವುದಾದರೆ, ಈ ಕಾರ್ಡ್‌ಗಳ ದಾರಿಯೇ ರಾಗವನ್ನು ಅರ್ಧ ಬರೆದುಬಿಡುತ್ತದೆ. ಪ್ರತಿ ಕಾರ್ಡ್‌ನ ಸಿಹಿಯಾದ ಸ್ವರವನ್ನು ಆರಿಸುತ್ತಾ ಇಳಿದರೆ ಜಗತ್ತಿನ ಯಾವ ಮೂಲೆಯ ಗಿಟಾರಿಗನೂ ಹೆಚ್ಚುಕಡಿಮೆ ಒಂದೇ ಕಡೆ ತಲುಪುತ್ತಾನೆ. ನೀವೂ ತಲುಪಿದ್ದೀರಿ. ಮೂರ್ ಹಾಡನ್ನು ನೀವು ಖಂಡಿತ ಕೇಳಿರುತ್ತೀರಿ. ನಿಮ್ಮ ಎರಡನೆಯ ಮತ್ತು ಮೂರನೆಯ ಬಾರ್ ಅದಕ್ಕೆ ತೀರ ಹತ್ತಿರ ಇವೆ. ಆ ಭಾಗವನ್ನೇ ಬಿಟ್ಟುಬಿಡಿ. ಹನ್ನೆರಡು ಬಾರ್‌ನ ಸುತ್ತಿನಲ್ಲೇ ಉಳಿದರೆ ಕಾನೂನಿನ ಭಯವೂ ಇಲ್ಲ, ಹಾಡು ಎರಡು ತುಂಡಾಗುವುದೂ ಇಲ್ಲ.

ಮುದ್ರಣಕ್ಕೆ ಹೋಗುವಾಗ ಡ್ರಮ್ಸ್, ಬೇಸ್, ನಿಮ್ಮ ಗಿಟಾರ್ ಒಂದೇ ಕೋಣೆಯಲ್ಲಿ ಒಟ್ಟಿಗೆ ಆಗಲಿ. ಹಾಡುವಾಗ ನುಡಿಸುವುದನ್ನು ನಿಲ್ಲಿಸಿದರೆ ಧ್ವನಿಯನ್ನೂ ಅದೇ ಟೇಕ್‌ನಲ್ಲಿ ಹಿಡಿಯಬಹುದು. ಕ್ಲಿಕ್ (ಕಿವಿಗೆ ತಾಳ ಕೊಡುವ ಯಂತ್ರದ ಸದ್ದು) ಇಲ್ಲದೆ ನುಡಿಸಿ ಎನ್ನುವುದು ನನ್ನ ಸಲಹೆ. ಕೊನೆಯಲ್ಲಿ ಸ್ವಲ್ಪ ವೇಗ ಹೆಚ್ಚಿದರೆ ಹೆಚ್ಚಲಿ. ನಿಮ್ಮ ಡ್ರಮ್ಮರ್ ಓಡುವವರಾದರೆ ಮೊದಲ ನಾಲ್ಕು ಬಾರ್ ಮಾತ್ರ ಕ್ಲಿಕ್ ಕೊಟ್ಟು ತೆಗೆಯಿರಿ. ಗಿಟಾರಿಗೆ ದೊಡ್ಡ ಆಂಪ್ ಬೇಡ. ಸಣ್ಣ ವಾಲ್ವ್ ಆಂಪ್ ಒಂದನ್ನು ಕಿರುಚಲು ಶುರುವಾಗುವ ಮಟ್ಟಕ್ಕೆ ಏರಿಸಿ, ಗಿಟಾರಿನ ವಾಲ್ಯೂಮ್ ಗುಂಡಿಯಿಂದ ಇಳಿಸಿಕೊಂಡು ನುಡಿಸಿ. ಮೆಲ್ಲಗೆ ಮೀಟಿದರೆ ಸ್ವಚ್ಛ, ಜೋರಾಗಿ ಮೀಟಿದರೆ ಒರಟು, ಎರಡೂ ಬೆರಳಿನಲ್ಲೇ ಇರಬೇಕು. ಸ್ಪೀಕರಿನ ಹತ್ತಿರ ಒಂದು ಮಾಮೂಲಿ ಡೈನಮಿಕ್ ಮೈಕ್ ಸಾಕು.

ಮಿಕ್ಸ್ ಆದ ಮೇಲೆ ಮಾಸ್ಟರಿಂಗ್, ಅಂದರೆ ಕೊನೆಯ ಧ್ವನಿ ಹೊಂದಾಣಿಕೆ, ಮಾಡುವವರು ಹಾಡನ್ನು ಹಿಂಡಿ ಜೋರು ಮಾಡಲು ಹೊರಟರೆ ತಡೆಯಿರಿ. ಸ್ಪಾಟಿಫೈ ಸಾಮಾನ್ಯವಾಗಿ ಎಲ್ಲ ಹಾಡುಗಳನ್ನೂ ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಕೇಳಿಸುವ ಜೋರಿನ ಅಳತೆ) ಮಟ್ಟಕ್ಕೆ ತಂದು ಕೇಳಿಸುತ್ತದೆ. ಎಷ್ಟೇ ಜೋರು ಮಾಡಿ ಕಳಿಸಿದರೂ ಅದು ಇಳಿಸುತ್ತದೆ. ಉಳಿಯುವುದು ಹಿಂಡಿದ ಗಾಯ ಮಾತ್ರ. ಇಂಥ ಹಾಡಿಗೆ ಮೆಲುದನಿ ಮತ್ತು ಜೋರುದನಿಯ ನಡುವಿನ ಅಂತರವೇ ಬಂಡವಾಳ.

ಬಿಡುಗಡೆಯ ಬಗ್ಗೆ ಕಿಂಗ್ ಅವರ ಕಥೆಯಿಂದ ತಿಳಿಯುವುದು ಇಷ್ಟು: ಹಾಡಿಗಿಂತ ಮೊದಲು ಕೇಳುಗರು ಸಿದ್ಧರಾಗಿದ್ದರು. ಎರಡು ದಶಕ ಕಪ್ಪು ಕೇಳುಗರ ನಡುವೆಯೇ ದುಡಿದಿದ್ದ ಕಿಂಗ್ 1967ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಫಿಲ್‌ಮೋರ್ ಸಭಾಂಗಣದಲ್ಲಿ ಉದ್ದ ಕೂದಲಿನ ಬಿಳಿಯ ಹುಡುಗ ಹುಡುಗಿಯರ ಮುಂದೆ ನಿಂತರು. ಅವರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದಾಗ ಕಿಂಗ್ ಕಣ್ಣಲ್ಲಿ ನೀರು ಬಂತು. 1969ರ ನವೆಂಬರ್‌ನಲ್ಲಿ ರೋಲಿಂಗ್ ಸ್ಟೋನ್ಸ್ ತಂಡ ಅಮೆರಿಕ ಸುತ್ತಿದಾಗ ಅವರ ಕಾರ್ಯಕ್ರಮಗಳಿಗೆ ಮೊದಲು ನುಡಿಸಿದವರಲ್ಲಿ ಕಿಂಗ್ ಇದ್ದರು. ಮರುತಿಂಗಳು, ಡಿಸೆಂಬರ್‌ನಲ್ಲಿ, ಎಬಿಸಿ ಕಂಪನಿಯ ಬ್ಲೂಸ್‌ವೇ ಲೇಬಲ್ ಈ ಸಿಂಗಲ್ ಹೊರತಂದಿತು. ಆಲ್ಬಂ ‘ಕಂಪ್ಲೀಟ್ಲಿ ವೆಲ್’ ಕೂಡ ಆಗಲೇ ಬಂತು. 1970ರ ಆರಂಭದಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ರಿದಂ ಅಂಡ್ ಬ್ಲೂಸ್ ಪಟ್ಟಿಯಲ್ಲಿ 3ನೇ ಸ್ಥಾನ, ಎಲ್ಲ ಬಗೆಯ ಹಾಡುಗಳ ಹಾಟ್ 100 ಪಟ್ಟಿಯಲ್ಲಿ 15ನೇ ಸ್ಥಾನ. ಗ್ರ್ಯಾಮಿಯೂ ಬಂತು. 44ನೇ ವಯಸ್ಸಿನಲ್ಲಿ ಕಿಂಗ್ ಮೊದಲ ಬಾರಿಗೆ ಎಲ್ಲರ ಗಾಯಕರಾದರು.

ನಿಮಗೆ ಸ್ಟೋನ್ಸ್ ತಂಡ ಸಿಗುವುದಿಲ್ಲ. ಆದರೆ ಹುಬ್ಬಳ್ಳಿ, ಧಾರವಾಡ, ಬೆಳಗಾವಿಯ ಕಾಲೇಜುಗಳಲ್ಲಿ, ಬೆಂಗಳೂರಿನಲ್ಲಿ ಸ್ವಂತ ಹಾಡು ನುಡಿಸಲು ಬಿಡುವ ಜಾಗಗಳಲ್ಲಿ ಈ ಹಾಡನ್ನು ಬಿಡುಗಡೆಗೆ ಮೊದಲೇ ನುಡಿಸಿ. ಯಾವ ಚರಣದಲ್ಲಿ ಜನ ಮೊಬೈಲ್ ತೆಗೆಯುತ್ತಾರೆ ಎಂದು ವೇದಿಕೆಯಿಂದ ಚೆನ್ನಾಗಿ ಕಾಣುತ್ತದೆ. ಆ ಚರಣವನ್ನು ತೆಗೆಯಿರಿ.

ಆನ್‌ಲೈನ್ ವೇದಿಕೆಗಳಿಗೆ ಹಾಡು ತಲುಪಿಸಲು ವಿತರಕರು ಬೇಕು. ಕೆಲವರು ವರ್ಷದ ಚಂದಾ ಕೇಳುತ್ತಾರೆ, ಕೆಲವರು ಹಾಡಿಗೊಮ್ಮೆ ಹಣ ಪಡೆಯುತ್ತಾರೆ. ಚಂದಾ ನಿಂತರೆ ಹಾಡು ಇಳಿದುಹೋಗುವ ಷರತ್ತು ಇದೆಯೇ ಎಂದು ಮೊದಲು ಓದಿ. ಅಪ್ಪನ ಹೆಸರಿನ ಹಾಡು ಬ್ಯಾಂಕ್ ಕಾರ್ಡಿನ ಅವಧಿ ಮುಗಿದ ಕಾರಣಕ್ಕೆ ಮಾಯವಾಗಬಾರದು. ಪ್ರತಿ ಮುದ್ರಣಕ್ಕೆ ಐಎಸ್‌ಆರ್‌ಸಿ ಎಂಬ ಗುರುತಿನ ಸಂಖ್ಯೆ ಬೇಕು, ಅದನ್ನು ಸಾಮಾನ್ಯವಾಗಿ ವಿತರಕರೇ ಕೊಡುತ್ತಾರೆ. ಭಾಷೆ ಕನ್ನಡ ಎಂದು ನಮೂದಿಸಿ, ತಂಡದ ಹೆಸರಿನ ಅಕ್ಷರಜೋಡಣೆ ಎಲ್ಲ ಕಡೆ ಒಂದೇ ಇರಲಿ. 2015ರಿಂದ ಜಗತ್ತಿನಾದ್ಯಂತ ಹೊಸ ಹಾಡುಗಳು ಶುಕ್ರವಾರ ಬರುವ ರೂಢಿ ಇದೆ. ಸ್ಪಾಟಿಫೈ ಸಂಪಾದಕರಿಗೆ ಹಾಡನ್ನು ಪರಿಚಯಿಸಲು ಕನಿಷ್ಠ ಏಳು ದಿನ ಮುಂಚೆ ಕಳಿಸಬೇಕು. ನೀವು ಮೂರು ನಾಲ್ಕು ವಾರ ಇಟ್ಟುಕೊಳ್ಳಿ. ಅಪ್ಪಂದಿರ ದಿನಕ್ಕೆ ಬಿಡುಗಡೆ ಮಾಡಿ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಬೇಡ. ಆ ದಿನ ಎಲ್ಲ ಶುಭಾಶಯಗಳ ನಡುವೆ ನಿಮ್ಮ ಹಾಡೂ ಒಂದು ಶುಭಾಶಯವಾಗುತ್ತದೆ.

ಹಣದ ನಿರೀಕ್ಷೆ ಇಟ್ಟುಕೊಳ್ಳಬೇಡಿ. ಸ್ಪಾಟಿಫೈನಲ್ಲಿ 30 ಸೆಕೆಂಡ್ ಕೇಳಿದರೆ ಮಾತ್ರ ಒಂದು ಸಲ ಎಂದು ಲೆಕ್ಕ. 2024ರಿಂದ, ಹಿಂದಿನ ಹನ್ನೆರಡು ತಿಂಗಳಲ್ಲಿ ಕನಿಷ್ಠ 1,000 ಸಲ ಕೇಳಿರದ ಹಾಡಿಗೆ ಏನೂ ಸಿಗುವುದಿಲ್ಲ. ಈ ಮೂವತ್ತು ಸೆಕೆಂಡಿನ ಲೆಕ್ಕ ನೋಡಿ ಪೀಠಿಕೆಯನ್ನು ಕಡಿಯುವವರಿದ್ದಾರೆ. ನಿಮ್ಮ ಪೀಠಿಕೆ ಸರಿಯಾಗಿ 32 ಸೆಕೆಂಡ್ ಇದೆ, ಹಾಗೇ ಇರಲಿ.

ಹಕ್ಕುಗಳ ವಿಷಯದಲ್ಲಿ ಸಂಕೋಚ ಬೇಡ. ನಾಲ್ವರಲ್ಲಿ ಸಾಹಿತ್ಯ ಯಾರದು, ಸಂಗೀತ ಯಾರದು, ಪಾಲು ಎಷ್ಟೆಷ್ಟು ಎಂದು ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಿ, ಹಾಡು ಹೊರಬರುವ ಮೊದಲೇ. ನಮ್ಮ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಧ್ವನಿಮುದ್ರಣದ ಹಕ್ಕುದಾರ ಅದರ ನಿರ್ಮಾಪಕ, ಅಂದರೆ ಮುದ್ರಣಕ್ಕೆ ಮುಂದಾಗಿ ಹೊಣೆ ಹೊತ್ತವರು. ಸ್ಟುಡಿಯೋಗೆ ಹಣ ಕೊಟ್ಟವರು ನೀವೇ ಆದರೂ ಆ ಮಾತು ಕಾಗದದ ಮೇಲೆ ಇರಲಿ, ಬಿಡಿ ಟ್ರ್ಯಾಕ್‌ಗಳ ಪ್ರತಿಗಳನ್ನೂ ಪಡೆದುಕೊಳ್ಳಿ. ಸಾಹಿತ್ಯ ಮತ್ತು ಸಂಗೀತ ರಚಿಸಿದವರು, ರಚನಕಾರರ ರಾಯಧನ ಸಂಗ್ರಹಿಸಿ ಹಂಚುವ ಐಪಿಆರ್‌ಎಸ್ ಸಂಸ್ಥೆಯಲ್ಲಿ ಸದಸ್ಯರಾಗಿ ಹಾಡನ್ನು ನೋಂದಾಯಿಸಬಹುದು. 2012ರ ತಿದ್ದುಪಡಿಯ ನಂತರ ಅವರ ರಾಯಧನದ ಪಾಲನ್ನು ಲೇಬಲ್ ಒಂದು ಸುಮ್ಮನೆ ಬರೆಸಿಕೊಳ್ಳಲು ಬರುವುದಿಲ್ಲ. ಯಾರಾದರೂ ಅಂಥ ಕರಾರು ಮುಂದಿಟ್ಟರೆ ಸಹಿ ಮಾಡುವ ಮೊದಲು ವಕೀಲರಿಗೆ ತೋರಿಸಿ. ವಯಲಿನ್ ವಾದಕರನ್ನು ಕರೆಸಿದರೆ ಅವರಿಗೆ ಒಂದೇ ಬಾರಿಯ ಸಂಭಾವನೆಯೋ ಪಾಲೋ ಎಂಬುದನ್ನು ಅವರು ಪೆಟ್ಟಿಗೆ ತೆರೆಯುವ ಮೊದಲೇ ಮಾತಾಡಿಕೊಳ್ಳಿ, ಹಾಡಿನ ವಿವರದಲ್ಲಿ ಅವರ ಹೆಸರು ಹಾಕುವುದನ್ನು ಮರೆಯಬೇಡಿ.